ಸುಳ್ಯದ ಕಲ್ಲಲ್ಲಿ ರೇರ್ ಅರ್ತ್, ಕಾಪುವಿನ ಹೊಯ್ಗೆಯಲ್ಲಿ ಥೋರಿಯಂ: ದುಡ್ಡು ಉಂಟಾ, ಅಪಾಯ ಉಂಟಾ?

ಪ್ರಶ್ನೆ: ಸರ್, ನಮ್ಮದು ಕಾಪು, ಮನೆಯಿಂದ ಕಡಲಿಗೆ ನಡೆದ್ರೆ ಐದು ನಿಮಿಷ. ಮಳೆಗಾಲದಲ್ಲಿ ತೀರದ ಮೇಲೆ ಕಪ್ಪು ಹೊಯ್ಗೆಯ ಪಟ್ಟಿ ಬೀಳ್ತದೆ, ಮಗ ಮ್ಯಾಗ್ನೆಟ್ ಹಿಡಿದ್ರೆ ಅಂಟಿಕೊಳ್ತದೆ. ಯೂಟ್ಯೂಬಲ್ಲಿ ಒಬ್ರು ಇದು ಥೋರಿಯಂ, ಕ್ಯಾನ್ಸರ್ ಬರ್ತದೆ ಅಂತಾರೆ, ಇನ್ನೊಬ್ರು ಚಿನ್ನಕ್ಕಿಂತ ಬೆಲೆ ಅಂತಾರೆ. ನನ್ನ ಭಾವ ಆನ್‌ಲೈನಲ್ಲಿ ಗೈಗರ್ ಮೀಟರ್ ತರಿಸಿದ್ದಾರೆ. ಅಂಗಳದಲ್ಲಿ 0.14, ಅಡುಗೆಮನೆ ಗ್ರಾನೈಟ್ ಮೇಲೆ 0.22, ಕಪ್ಪು ಹೊಯ್ಗೆ ಮೇಲೆ 0.31, ಎಲ್ಲ ಗಂಟೆಗೆ ಇಷ್ಟು ಮೈಕ್ರೋಸೀವರ್ಟ್ ಅಂತ ತೋರಿಸ್ತದೆ. ಹೆಂಡತಿ ಗ್ರಾನೈಟ್ ತೆಗೆಸಿ ಅಂತ ಹಟ ಹಿಡಿದಿದ್ದಾಳೆ. ಇದರ ಮಧ್ಯೆ ಸುಳ್ಯ ಕಡೆ ಅವಳ ತವರಿನ ಜಾಗದಲ್ಲಿ ಎಣ್ಣೆ ಹಚ್ಚಿದ ಹಾಗೆ ಕಾಣುವ ಹಸಿರು ಮಿಶ್ರಿತ ಕಪ್ಪು ಕಲ್ಲು ಉಂಟು, ಒಬ್ಬ ಬ್ರೋಕರ್ ಬಂದು ಇದು ಚಾರ್ನೊಕೈಟ್, ಕೇರಳದ ಥೋರಿಯಂ ಕಲ್ಲು ಇದೇ ಅಂತ ಲ್ಯಾಬ್ ರಿಪೋರ್ಟ್ ತೋರಿಸಿದ, ಅದರಲ್ಲಿ 17 ರೇರ್ ಅರ್ತೂ ಸಿಕ್ಕಿದೆ, ಒಟ್ಟು 212 ಪಿಪಿಎಂ ಅಂತ ಉಂಟು. ಕಂಪೆನಿಗೆ ಲೀಸ್ ಮಾಡಿಸ್ತೇನೆ, ಮುಂಗಡ 60 ಸಾವಿರ ಕೊಡಿ ಅಂತಿದ್ದಾನೆ. ಕೊಡ್ಬಹುದಾ? ಮಕ್ಕಳಿಗೆ ಏನಾದ್ರೂ ತೊಂದರೆ ಉಂಟಾ?

ಉತ್ತರ:

ಮೊದಲೇ ಹೇಳಿಬಿಡ್ತೇನೆ, 60 ಸಾವಿರ ಕೊಡ್ಬೇಡಿ, ಗ್ರಾನೈಟೂ ಕೀಳಿಸ್ಬೇಡಿ. ಉಳಿದದ್ದನ್ನು ನಿಧಾನಕ್ಕೆ ನೋಡುವ. ಥೋರಿಯಂ ಅಂದ್ರೆ ತನ್ನಷ್ಟಕ್ಕೆ ವಿಕಿರಣ ಸೂಸುವ ಒಂದು ಲೋಹ, ರೇರ್ ಅರ್ತ್ ಅಂದ್ರೆ ಸೀರಿಯಂ, ನಿಯೋಡಿಮಿಯಂ ಅಂಥ 17 ಲೋಹಗಳ ಗುಂಪು. ನಿಮ್ಮ ಪ್ರಶ್ನೆಯಲ್ಲಿ ಮೂರು ವಿಷಯ ಒಟ್ಟಿಗೆ ಸೇರಿಕೊಂಡಿದೆ: ಕಲ್ಲಲ್ಲಿ ಥೋರಿಯಂ, ರೇರ್ ಅರ್ತ್ ಉಂಟಾ, ಇದ್ರೆ ತೆಗೆದು ಮಾರುವಷ್ಟು ಉಂಟಾ, ಅದರಿಂದ ಮೈಗೆ ಕೇಡಾ. ಮೊದಲನೆಯದಕ್ಕೆ ಹೌದು ಅಂದ ಕೂಡ್ಲೇ ಉಳಿದ ಎರಡಕ್ಕೂ ಹೌದು ಅಂತ ಜನ ತಿಳ್ಕೊಳ್ತಾರೆ. ಬ್ರೋಕರ್ ದುಡಿಯುವುದೂ ಅಲ್ಲೇ, ಯೂಟ್ಯೂಬಿನವರು ದುಡಿಯುವುದೂ ಅಲ್ಲೇ.

ಆ ರಿಪೋರ್ಟಿಂದಲೇ ಶುರು ಮಾಡ್ತೇನೆ. 212 ಪಿಪಿಎಂ ಅಂದ್ರೆ ಒಂದು ಟನ್ ಕಲ್ಲಿನಲ್ಲಿ 212 ಗ್ರಾಂ, ನೂರಕ್ಕೆ 0.02 ಪಾಲು. ಭೂಮಿಯ ಮೇಲ್ಪದರದ ಕಲ್ಲುಗಳ ಸರಾಸರಿಯೇ 170, 180 ಪಿಪಿಎಂ ಆಸುಪಾಸು ಬರ್ತದೆ ಮಾರಾಯ್ರೆ, ಅಂದ್ರೆ ನಿಮ್ಮ ಕಲ್ಲು ತೀರಾ ಮಾಮೂಲಿ ಕಲ್ಲು. ಹೋಲಿಸ್ಲಿಕ್ಕೆ ಬೇಕಾದ್ರೆ ಅಮೆರಿಕದ ಮೌಂಟನ್ ಪಾಸ್ ಗಣಿ ನೋಡಿ, ಅಲ್ಲಿ ನೂರಕ್ಕೆ 7, 8 ಪಾಲು ರೇರ್ ಅರ್ತ್ ಆಕ್ಸೈಡ್ ಉಂಟು. ದಕ್ಷಿಣ ಚೀನಾದಲ್ಲಿ ಗ್ರಾನೈಟ್ ಕೊಳೆತು ಆದ ಜೇಡಿಮಣ್ಣಿನಲ್ಲಿ 500ರಿಂದ 2000 ಪಿಪಿಎಂ ಇದ್ರೂ ತೆಗೀತಾರೆ, ಆದ್ರೆ ಅಲ್ಲಿ ಅದು ಮಣ್ಣಿನ ಕಣಕ್ಕೆ ಸಡಿಲವಾಗಿ ಅಂಟಿಕೊಂಡಿರ್ತದೆ, ಉಪ್ಪಿನ ದ್ರಾವಣ ಹಾಯಿಸಿದ್ರೆ ಬಿಟ್ಟುಕೊಡ್ತದೆ. ನಿಮ್ಮದು ಗಟ್ಟಿ ಕಲ್ಲು, ಪುಡಿ ಮಾಡ್ಬೇಕು, ಖನಿಜ ಬೇರೆ ಮಾಡ್ಬೇಕು, ಆಮೇಲೆ ಆಸಿಡಲ್ಲೋ ಕ್ಷಾರದಲ್ಲೋ ಬೇಯಿಸ್ಬೇಕು, ಇಷ್ಟೆಲ್ಲ ಮಾಡಿ ಟನ್ನಿಗೆ 212 ಗ್ರಾಂ, ಅದರಲ್ಲೂ ಅರ್ಧಕ್ಕರ್ಧ ಸೀರಿಯಂ, ಲ್ಯಾಂಥನಂ ಅಂತ ಅಗ್ಗದ ಸರಕು.

ಇನ್ನೊಂದು ತಮಾಷೆ ಉಂಟು. 17ರಲ್ಲಿ 17 ಸಿಕ್ಕಿದೆ ಅಂತ ಆ ರಿಪೋರ್ಟಲ್ಲಿ ನಿಜವಾಗ್ಲೂ ಇದ್ರೆ ಅದನ್ನು ಮಡಚಿ ಇಟ್ಕೊಳ್ಳಿ. ಆ ಪಟ್ಟಿಯಲ್ಲಿ ಪ್ರೊಮೀಥಿಯಂ ಅಂತ ಒಂದು ಉಂಟು, ಅದಕ್ಕೆ ಸ್ಥಿರವಾದ ರೂಪವೇ ಇಲ್ಲ, ಹುಟ್ಟಿದ್ದು ಕೆಲವು ವರ್ಷದಲ್ಲಿ ಕರಗಿ ಹೋಗ್ತದೆ, ಮಾಮೂಲಿ ಲ್ಯಾಬಿನ ಮೆಷಿನಿಗೆ ಕಲ್ಲಲ್ಲಿ ಸಿಗುವಂಥದ್ದೇ ಅಲ್ಲ. ಅದಕ್ಕೂ ಅಂಕಿ ಕೊಟ್ಟ ಲ್ಯಾಬ್ ಕಲ್ಲನ್ನು ಮೆಷಿನಿಗೆ ಹಾಕಿತ್ತಾ ಅಂತಲೇ ನನಗೆ ಸಂಶಯ. 2025ರ ಏಪ್ರಿಲಲ್ಲಿ ಚೀನಾ ಏಳು ರೇರ್ ಅರ್ತಿನ ರಫ್ತಿಗೆ ಕಡಿವಾಣ ಹಾಕಿದ ಮೇಲೆ ಪೇಪರಲ್ಲಿ ಟಿವಿಯಲ್ಲಿ ಇದೇ ಸುದ್ದಿ ಆಯ್ತಲ್ಲ, ಆಮೇಲೆ ಇಂಥ ರಿಪೋರ್ಟ್ ಹಿಡ್ಕೊಂಡು ನನ್ನತ್ರ ಬರುವವರೂ ಜಾಸ್ತಿ ಆಗಿದ್ದಾರೆ.

ಆದ್ರೆ ಬ್ರೋಕರ್ ಹೇಳಿದ್ದರಲ್ಲಿ ಅರ್ಧ ಸತ್ಯ ಉಂಟು, ಅದೇ ಕಷ್ಟ. ನಿಮ್ಮ ಕಲ್ಲು ಚಾರ್ನೊಕೈಟ್ ಇರ್ಲಿಕ್ಕೆ ಸಾಕು. ಆ ಎಣ್ಣೆ ಹಚ್ಚಿದ ಹಸಿರು ಬಣ್ಣ ಅದರ ಗುರುತು, ಕೊಡಗಿನ ಗಡಿ ಕಡೆಗೆ ಹೋದ ಹಾಗೆ ಅದು ಸಿಗ್ತದೆ. ಕೇರಳದ ದಕ್ಷಿಣದಲ್ಲೂ ಚಾರ್ನೊಕೈಟ್ ಉಂಟು, ಅಲ್ಲಿನ ತೀರದಲ್ಲಿ ಥೋರಿಯಂ ಇರುವುದೂ ನಿಜ. ಹಾಗಂತ ಎರಡೂ ಒಂದೇ ಅಂತ ಹೇಳ್ಲಿಕ್ಕಾಗುವುದಿಲ್ಲ, ಚಾರ್ನೊಕೈಟ್ ಅನ್ನುವುದು ಕಲ್ಲು ಎಷ್ಟು ಕಾವು ಕಂಡಿದೆ, ಎಷ್ಟು ಒಣಗಿದೆ ಅಂತ ಹೇಳ್ತದೆ, ಅದರ ಹೊಟ್ಟೆಯಲ್ಲಿ ಎಂತ ಉಂಟು ಅಂತ ಹೇಳುವುದಿಲ್ಲ.

ಸ್ವಲ್ಪ ಒಳಗೆ ಹೋಗುವ. ಥೋರಿಯಂ ಮತ್ತು ಹಗುರ ಜಾತಿಯ ರೇರ್ ಅರ್ತುಗಳು ಕಲ್ಲಲ್ಲಿ ಹೆಚ್ಚಾಗಿ ಎರಡು ಮನೆ ಹುಡುಕ್ತವೆ. ಒಂದು ಮೊನಜೈಟ್, ಇದು ಫಾಸ್ಫೇಟ್ ಖನಿಜ, ಜೇನಿನ ಬಣ್ಣ ಅಥವಾ ಕೆಂಪು ಮಿಶ್ರಿತ ಕಂದು. ನಮ್ಮ ದೇಶದ ಮೊನಜೈಟಲ್ಲಿ ನೂರಕ್ಕೆ 8ರಿಂದ 10 ಪಾಲು ಥೋರಿಯಂ ಆಕ್ಸೈಡ್, 55ರಿಂದ 60 ಪಾಲು ರೇರ್ ಅರ್ತ್ ಆಕ್ಸೈಡ್, ಚೂರು ಯುರೇನಿಯಂ. ಇನ್ನೊಂದು ಅಲನೈಟ್, ಅದು ಸಿಲಿಕೇಟ್, ಕ್ಯಾಲ್ಸಿಯಂ ಇರುವ ಕಡೆ ಹುಟ್ಟುವಂಥದ್ದು, ಥೋರಿಯಂ ಅದರಲ್ಲಿ ಸಾಮಾನ್ಯವಾಗಿ ಎಷ್ಟೋ ಕಮ್ಮಿ. ಯಾವ ಕಲ್ಲಲ್ಲಿ ಯಾವುದು ಅನ್ನುವುದು ಆ ಕಲ್ಲಿನ ಹುಟ್ಟಿನ ಮೇಲೆ ಹೋಗ್ತದೆ. ಸಮುದ್ರದ ಕೆಸರು, ಜೇಡಿ ಗಟ್ಟಿಯಾಗಿ ಆದ ಕಲ್ಲಲ್ಲಿ ಅಲ್ಯೂಮಿನಿಯಂ ಜಾಸ್ತಿ, ಕ್ಯಾಲ್ಸಿಯಂ ಕಮ್ಮಿ. ಅದು ನೆಲದಾಳಕ್ಕೆ ಇಳಿದು 500 ಡಿಗ್ರಿ ದಾಟುವ ಹೊತ್ತಿಗೆ, ಅಲ್ಲಿ ಇಲ್ಲಿ ಚದುರಿದ್ದ ಸೀರಿಯಂ, ನಿಯೋಡಿಮಿಯಂ, ಥೋರಿಯಂ ಎಲ್ಲ ಫಾಸ್ಫರಸ್ ಜೊತೆ ಸೇರಿ ಸಣ್ಣ ಸಣ್ಣ ಮೊನಜೈಟ್ ಹರಳಾಗ್ತದೆ. ಇನ್ನೂ ಕಾವು ಏರಿ 750, 800 ಡಿಗ್ರಿ ಆದ್ರೆ ಅಭ್ರಕ ಒಡೆದು ಕಲ್ಲು ಅಲ್ಲಲ್ಲಿ ಕರಗ್ಲಿಕ್ಕೆ ಶುರು, ಆ ಕರಗಿದ ರಸದಲ್ಲಿ ಮೊನಜೈಟ್ ಸ್ವಲ್ಪ ಸ್ವಲ್ಪ ಕರಗ್ತದೆ, ರಸ ಬಿರುಕಲ್ಲಿ ಹರಿದು ತಣ್ಣಗಾಗುವಾಗ ಮತ್ತೆ ಹರಳಾಗಿ ಕೂತ್ಕೊಳ್ತದೆ, ಕೆಲವು ಕಡೆ ಪೆಗ್ಮಟೈಟ್ ಅನ್ನುವ ದಪ್ಪ ಹರಳಿನ ಬಿಳಿ ಪಟ್ಟಿಗಳಲ್ಲಿ ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿ. ಗಾರ್ನೆಟ್ ಹರಳಿನ ಒಳಗೆ ಸಿಕ್ಕಿಹಾಕಿಕೊಂಡ ಮೊನಜೈಟ್ ಮಾತ್ರ ಕರಗದೆ ಹಳೇ ಕಾಲದ್ದು ಹಾಗೇ ಉಳೀತದೆ. ಅದಕ್ಕೇ ಭೂವಿಜ್ಞಾನದ ನಮ್ಮವರಿಗೆ ಮೊನಜೈಟಿನ ಮೇಲೆ ಅಷ್ಟು ಪ್ರೀತಿ, ಒಂದೇ ಹರಳಿನ ನಡು, ಅಂಚು ಬೇರೆ ಬೇರೆ ವಯಸ್ಸು ತೋರಿಸ್ತದೆ, ಥೋರಿಯಂ ಎಷ್ಟು ಸೀಸ ಆಗಿದೆ ಅಂತ ಅಳೆದ್ರೆ ಬೆಟ್ಟ ಯಾವಾಗ ಕಾದದ್ದು ಅಂತ ಗೊತ್ತಾಗ್ತದೆ.

ಕೇರಳದ ದಕ್ಷಿಣದ ಕಥೆ ಇದೇ. ಅಲ್ಲಿನ ಖೊಂಡಲೈಟ್ ಅನ್ನುವ ಕಲ್ಲು ಮೂಲದಲ್ಲಿ ಕೆಸರೇ, ಸುಮಾರು 55 ಕೋಟಿ ವರ್ಷದ ಹಿಂದೆ ವಿಪರೀತ ಕಾದು ಕರಗಿ ಮೊನಜೈಟ್ ಕಟ್ಟಿಕೊಂಡದ್ದು. ನಮ್ಮ ಕೊಡಗು, ಸುಳ್ಯ ಕಡೆಯದ್ದು ಬೇರೆ ಲೋಕ. ಅಲ್ಲಿಯ ಹೆಚ್ಚಿನ ಕಲ್ಲು 300 ಕೋಟಿ ವರ್ಷಕ್ಕೂ ಹಳೇದು, ಚಾರ್ನೊಕೈಟಿನ ದೊಡ್ಡ ಪಾಲು ಶಿಲಾರಸದಿಂದಲೇ ಹುಟ್ಟಿದ್ದು, ಕ್ಯಾಲ್ಸಿಯಂ ಇರುವಂಥದ್ದು, ಹಾಗಾಗಿ ರೇರ್ ಅರ್ತ್ ಇದ್ದಷ್ಟು ಅಲನೈಟಲ್ಲೋ ಅಪಟೈಟ್ ಅನ್ನುವ ಇನ್ನೊಂದು ಖನಿಜದಲ್ಲೋ ಚೂರುಚೂರು ಹಂಚಿ ಹೋಗಿದೆ. ಮಂಗಳೂರು ಉಡುಪಿಯ ನೈಸ್ ಅನ್ನುವ ಪಟ್ಟೆ ಪಟ್ಟೆ ಕಲ್ಲಿನದ್ದೂ ಹೆಚ್ಚು ಕಡಿಮೆ ಇದೇ ಜಾತಕ. ನಮ್ಮಲ್ಲಿ ಮೊನಜೈಟ್ ಇಲ್ಲವೇ ಇಲ್ಲ ಅಂತಲ್ಲ, ನಡುನಡುವೆ ಕೆಸರು ಮೂಲದ ಪಟ್ಟಿಗಳು, ಪೆಗ್ಮಟೈಟ್ ಉಂಟು, ಅದರಲ್ಲಿ ಇರ್ತದೆ. ಗಣಿ ಮಾಡುವಷ್ಟಲ್ಲ. ದೇಶದಲ್ಲಿ ಗಟ್ಟಿ ಕಲ್ಲಿನಿಂದ ರೇರ್ ಅರ್ತ್ ತೆಗೀಬಹುದು ಅಂತ ಸರಕಾರ ಲೆಕ್ಕ ಕೊಟ್ಟಿರುವುದು ಗುಜರಾತಿನ ಅಂಬಾಡೋಂಗರ್, ರಾಜಸ್ಥಾನದ ಸಿವಾನಾ ಅಂಥ ಜಾಗಕ್ಕೆ, ಅವೆಲ್ಲ ಬೇರೆಯೇ ಜಾತಿಯ ಶಿಲಾರಸದ ಕಲ್ಲು, ಚಾರ್ನೊಕೈಟ್ ಅಲ್ಲ.

ಕೇರಳದಲ್ಲಾದ್ರೂ ಯಾರೂ ಗುಡ್ಡ ಒಡೆದು ಥೋರಿಯಂ ತೆಗೀತಾ ಇಲ್ಲ ನೋಡಿ. ಕಲ್ಲಲ್ಲಿ ಅದು ಅಲ್ಲೂ ಕಮ್ಮಿಯೇ. ಮಳೆ ಬಿಸಿಲಿಗೆ ಕಲ್ಲು ಕೊಳೆತು, ಹೊಳೆ ಎಳ್ಕೊಂಡು ಬಂದು, ಕಡಲು ಅದನ್ನು ವಿಂಗಡಿಸಿದ ಮೇಲೆಯೇ ಅದಕ್ಕೆ ಬೆಲೆ ಬಂದದ್ದು. ಮಾಮೂಲಿ ಹೊಯ್ಗೆಯ ಬಿಳಿ ಕಣ, ಅಂದ್ರೆ ಕ್ವಾರ್ಟ್ಸ್, ನೀರಿಗಿಂತ 2.65 ಪಟ್ಟು ಭಾರ, ಮೊನಜೈಟ್ 5 ಪಟ್ಟು. ಗೆರಸೆಯಲ್ಲಿ ಅಕ್ಕಿ ಕೇರಿದಾಗ ಹೊಟ್ಟು ಹಾರಿ ಕಾಳು ಉಳಿಯುವ ಹಾಗೆ ಮಳೆಗಾಲದ ತೆರೆಗಳು ಹಗುರದ್ದನ್ನು ಎಳ್ಕೊಂಡು ಹೋಗ್ತವೆ, ಭಾರದ್ದು ಪಟ್ಟಿಯಾಗಿ ಉಳೀತದೆ. ತಿರುವಾಂಕೂರಿನ ಹೊಯ್ಗೆಯಲ್ಲಿ ಮೊನಜೈಟ್ ಉಂಟು ಅಂತ ಮೊದಲು ಗೊತ್ತಾದದ್ದು 1909ರಲ್ಲಿ, ಶಾಂಬರ್ಗ್ ಅಂತ ಒಬ್ಬ ಜರ್ಮನ್ ರಸಾಯನ ತಜ್ಞ ತೆಂಗಿನ ನಾರಿಗೆ ಅಂಟಿಕೊಂಡು ಬಂದ ಹೊಯ್ಗೆಯನ್ನು ನೋಡಿ ಕಂಡುಹಿಡಿದದ್ದು. ಆಗ ಗ್ಯಾಸ್‌ಲೈಟಿನ ಮ್ಯಾಂಟಲಿಗೆ ಥೋರಿಯಂ ಬೇಕಿತ್ತು, ಹಳಬರ ಮನೆಯ ಮದುವೆ, ಯಕ್ಷಗಾನಕ್ಕೆಲ್ಲ ಉರಿಸ್ತಿದ್ದ ಪೆಟ್ರೊಮ್ಯಾಕ್ಸಿನ ಬಿಳಿ ಜಾಳಿಗೆಯೂ ಅದೇ.

ಈಗ ನಿಮ್ಮ ಕಪ್ಪು ಹೊಯ್ಗೆಗೆ ಬರುವ. ಕಪ್ಪು ಬಣ್ಣ ಥೋರಿಯಂದಲ್ಲ. ಅದು ಇಲ್ಮನೈಟ್, ಮ್ಯಾಗ್ನೆಟೈಟ್, ಅಂದ್ರೆ ಕಬ್ಬಿಣ, ಟೈಟಾನಿಯಂ. ನಿಮ್ಮ ಮಗನ ಮ್ಯಾಗ್ನೆಟಿಗೆ ಅಂಟಿದ್ದು ಹೆಚ್ಚಾಗಿ ಮ್ಯಾಗ್ನೆಟೈಟ್, ಮೊನಜೈಟ್ ಮನೆಯ ಮ್ಯಾಗ್ನೆಟಿಗೆ ಬಗ್ಗುವುದಿಲ್ಲ, ಅದನ್ನು ಎಳೀಲಿಕ್ಕೆ ಫ್ಯಾಕ್ಟರಿಯ ಭಾರೀ ಶಕ್ತಿಯ ಮ್ಯಾಗ್ನೆಟ್ ಬೇಕು. ಹಾಗಾಗಿ ಅಂಟಿತು, ಥೋರಿಯಂ ಉಂಟು ಅನ್ನುವ ಲೆಕ್ಕ ತಪ್ಪು. ರಾತ್ರಿ ತೆರೆ ನೀಲಿಯಾಗಿ ಹೊಳೆದದ್ದು ರೇಡಿಯೇಶನ್ ಅಂತ ಹೇಳುವವರೂ ಇದ್ದಾರೆ, ಅದು ನೀರಲ್ಲಿರುವ ಸೂಕ್ಷ್ಮಜೀವಿಗಳ ಬೆಳಕು, ಹೊಯ್ಗೆಗೂ ಅದಕ್ಕೂ ಸಂಬಂಧ ಇಲ್ಲ.

ಹಾಗಂತ ನಮ್ಮ ಕರಾವಳಿಯಲ್ಲಿ ಎಂತದೂ ಇಲ್ಲ ಅಂತ ಹೇಳಿದ್ರೆ ಸುಳ್ಳಾಗ್ತದೆ. ಉಳ್ಳಾಲದಲ್ಲಿ, ನೇತ್ರಾವತಿ ಅಳಿವೆಯ ದಕ್ಷಿಣಕ್ಕೆ, ಮೊನಜೈಟ್ ಇರುವ ತುಂಡು ತೀರ ಉಂಟು. ಮಂಗಳೂರು ವಿಶ್ವವಿದ್ಯಾಲಯದವರು ಅಳೆದು 1993ರಲ್ಲಿಯೇ ಅಂತರರಾಷ್ಟ್ರೀಯ ಜರ್ನಲಲ್ಲಿ ಪ್ರಕಟಿಸಿದ್ದಾರೆ, ಅಲ್ಲಿಯ ಕೆಲವು ಸ್ಯಾಂಪಲಲ್ಲಿ ಥೋರಿಯಂ ಮಾಮೂಲಿ ಮಣ್ಣಿನ ಹತ್ತಾರು ಪಟ್ಟು. ಆದ್ರೆ ಅದು ಚಿಕ್ಕ ಜಾಗ, ಕೊಲ್ಲಂ ಜಿಲ್ಲೆಯ ಚವರ, ನೀಂಡಕರದ ಹಾಗೆ ಕಿಲೋಮೀಟರ್‌ಗಟ್ಟಲೆ ನಿಕ್ಷೇಪ ಅಲ್ಲ. ದೇಶದಲ್ಲಿ 131.5 ಲಕ್ಷ ಟನ್ ಮೊನಜೈಟ್ ಉಂಟು ಅಂತ ಕೇಂದ್ರ ಸರಕಾರ ಸಂಸತ್ತಲ್ಲಿ ಕೊಟ್ಟ ಲೆಕ್ಕದಲ್ಲಿ ಆಂಧ್ರ, ಒಡಿಶಾ, ತಮಿಳುನಾಡು, ಕೇರಳ ಎಲ್ಲ ಬರ್ತದೆ, ಕರ್ನಾಟಕದ ಹೆಸರಿಲ್ಲ.

ಕಾಪುವಿನ 0.31ರಿಂದ ನಾನು ಎಂತ ಅಂದಾಜು ಮಾಡ್ತೇನೆ ಅಂದ್ರೆ, ಹೊಯ್ಗೆಯಲ್ಲಿ ನೂರಕ್ಕೆ 1 ಪಾಲು ಮೊನಜೈಟ್ ಇದ್ರೆ ಅದರ ಮೇಲೆ ಗಂಟೆಗೆ ಸುಮಾರು 2 ಮೈಕ್ರೋಗ್ರೇ ಬರ್ಬೇಕು, ಗ್ರೇ, ಸೀವರ್ಟ್ ಎರಡೂ ಮೈಗೆ ತಾಗುವ ವಿಕಿರಣದ ಅಳತೆ, ಗಾಮಾ ಕಿರಣಕ್ಕೆ ಎರಡನ್ನೂ ಒಂದೇ ಅಂತ ಇಟ್ಕೊಳ್ಳಿ ಸದ್ಯಕ್ಕೆ. ನಿಮಗೆ ಅಂಗಳಕ್ಕಿಂತ ಜಾಸ್ತಿ ಬಂದದ್ದು 0.17. ಅಂದ್ರೆ ಹೆಚ್ಚು ಕಡಿಮೆ ಸಾವಿರಕ್ಕೆ ಒಂದು ಪಾಲು. ಅದೂ ಅಗ್ಗದ ಮೀಟರನ್ನು ಹೊಯ್ಗೆಗೆ ತಾಗಿಸಿ ಹಿಡಿದ್ರೆ ಬೀಟಾ ಕಣಗಳೂ ಲೆಕ್ಕಕ್ಕೆ ಬಂದು ಜಾಸ್ತಿ ತೋರಿಸ್ತದೆ. ಭಾವನಿಗೆ ಹೇಳಿ, ಮೀಟರನ್ನು ನೆಲದಿಂದ ಒಂದು ಮೀಟರ್ ಎತ್ತರಕ್ಕೆ ಹಿಡಿದು ಹತ್ತು ನಿಮಿಷದ ಸರಾಸರಿ ನೋಡ್ಲಿ, ಒಂದೊಂದು ನಿಮಿಷದ ಅಂಕಿ ಮೇಲೆ ಕೆಳಗೆ ಹಾರುವುದು ಅದರ ಸ್ವಭಾವ.

ಆರೋಗ್ಯದ ಲೆಕ್ಕ: ಆ ಕಪ್ಪು ಪಟ್ಟಿಯ ಮೇಲೆ ದಿನಾ ಒಂದು ಗಂಟೆ ಕೂತ್ರೂ ವರ್ಷಕ್ಕೆ ಹೆಚ್ಚುವರಿ 0.06 ಮಿಲಿಸೀವರ್ಟ್ (ಸಾವಿರ ಮೈಕ್ರೋ ಸೇರಿದ್ರೆ ಒಂದು ಮಿಲಿ). ಪ್ರಪಂಚದಲ್ಲಿ ಮನುಷ್ಯನಿಗೆ ಮಣ್ಣು, ಗಾಳಿ, ಆಕಾಶ, ಊಟದಿಂದ ಸಹಜವಾಗಿ ಬರುವ ಸರಾಸರಿಯೇ ವರ್ಷಕ್ಕೆ 2.4. ಗ್ರಾನೈಟ್ ಮುಂದೆ ದಿನಕ್ಕೆ ಮೂರು ಗಂಟೆ ನಿಂತ್ರೆ ಹೆಚ್ಚುವರಿ 0.1ರ ಒಳಗೆ, ಎದೆಯ ಎಕ್ಸ್‌ರೇ ಕೆಲವು ಸಲ ತೆಗೆಸಿದಷ್ಟು, ಅಷ್ಟೆ. ಇದಕ್ಕೆ ಅಡುಗೆಮನೆ ಒಡೆಯುವುದಾ? ಗ್ರಾನೈಟಲ್ಲಿ ಗುಲಾಬಿ, ಕೆಂಪು ಬಣ್ಣದ್ದು ಸ್ವಲ್ಪ ಜಾಸ್ತಿ ತೋರಿಸ್ತದೆ, ಪೊಟ್ಯಾಸಿಯಂ, ಥೋರಿಯಂ ಎರಡೂ ಅದರಲ್ಲಿ ಹೆಚ್ಚು. ಕಪ್ಪು ಗ್ರಾನೈಟ್ ಅಂತ ಮಾರುವುದು ನಿಜಕ್ಕೂ ಡಾಲರೈಟ್ ಜಾತಿ, ಅದರಲ್ಲಿ ಎಂತದೂ ಇಲ್ಲ ಅನ್ನುವಷ್ಟು ಕಮ್ಮಿ.

ಕಲ್ಲಿನೊಳಗೆ ಇರುವ ಥೋರಿಯಂ ಯಾಕೆ ಹೆದರಿಸುವಷ್ಟು ಅಪಾಯ ಅಲ್ಲ ಅನ್ನುವುದಕ್ಕೆ ಮೈಕ್ರೋಸ್ಕೋಪಲ್ಲಿ ಒಂದು ಸಾಕ್ಷಿ ಕಾಣ್ತದೆ. ಅಭ್ರಕದ ಒಳಗೆ ಮೊನಜೈಟ್ ಕಣ ಇದ್ರೆ ಅದರ ಸುತ್ತ ಕಪ್ಪು ಉಂಗುರ ಇರ್ತದೆ, ಥೋರಿಯಂ ಉಗುಳುವ ಆಲ್ಫಾ ಕಣ ಕೋಟಿಗಟ್ಟಲೆ ವರ್ಷ ಬಡಿದು ಬಡಿದು ಸುಟ್ಟ ಗುರುತು. ಆ ಉಂಗುರದ ಅಗಲ ಒಂದು ಕೂದಲ ದಪ್ಪಕ್ಕಿಂತ ಕಮ್ಮಿ. ಅಂದ್ರೆ ಆಲ್ಫಾ ಕಲ್ಲಿನ ಒಳಗೆ ಅಷ್ಟು ದೂರ ಮಾತ್ರ ಹೋಗಿ ಸತ್ತುಹೋಗ್ತದೆ, ನಿಮ್ಮ ವರೆಗೆ ಬರುವುದು ಸ್ವಲ್ಪ ಗಾಮಾ. ಥೋರಿಯಂ ಅರ್ಧ ಆಗ್ಲಿಕ್ಕೆ 1,400 ಕೋಟಿ ವರ್ಷ ಬೇಕು, ಅಷ್ಟು ನಿಧಾನ. ಅದರಿಂದ ಹುಟ್ಟುವ ಥೋರಾನ್ ಅನಿಲಕ್ಕೆ ಒಂದು ನಿಮಿಷದೊಳಗೇ ಅರ್ಧ ಆಯುಸ್ಸು, ದಪ್ಪ ನೆಲ ದಾಟಿ ಬರ್ಲಿಕ್ಕೆ ಪುರುಸೊತ್ತಿಲ್ಲ. ಯುರೇನಿಯಂ ಕಡೆಯ ರೇಡಾನ್ ಮಾತ್ರ 3.8 ದಿನ ಉಳೀತದೆ, ಹಾಗಾಗಿ ಮುಚ್ಚಿದ ಕೋಣೆಯಲ್ಲಿ ಸೇರಿಕೊಳ್ತದೆ. ಹಂಚಿನ ಮಾಡಿನ ಹಳೇ ಮನೆಯಲ್ಲಿ ಆ ಚಿಂತೆ ಕಮ್ಮಿ. ಇಡೀ ದಿನ ಕಿಟಕಿ ಮುಚ್ಚಿ ಏಸಿ ಹಾಕುವವರು ದಿನಕ್ಕೆ ಎರಡು ಹೊತ್ತು ಕಿಟಕಿ ತೆರೆದಿಟ್ರೆ ಒಳ್ಳೇದು.

ಕ್ಯಾನ್ಸರ್ ಭಯಕ್ಕೆ ನೇರ ಉತ್ತರ ಕೊಡುವ ಅಧ್ಯಯನ ಪಕ್ಕದ ರಾಜ್ಯದಲ್ಲೇ ಆಗಿದೆ. ಕರುನಾಗಪಳ್ಳಿಯಲ್ಲಿ ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದವರು ಸುಮಾರು 70 ಸಾವಿರ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ 2009ರಲ್ಲಿ ವರದಿ ಕೊಟ್ರು. ಅಲ್ಲಿ ಕೆಲವು ಜಾಗದಲ್ಲಿ ವರ್ಷಕ್ಕೆ 70 ಮಿಲಿಗ್ರೇ ವರೆಗೂ ಉಂಟು. ಆ ವಿಕಿರಣದಿಂದ ಕ್ಯಾನ್ಸರ್ ಹೆಚ್ಚಾದದ್ದು ಕಾಣಲಿಲ್ಲ. ಇದರರ್ಥ ರೇಡಿಯೇಶನ್ ಒಳ್ಳೇದು ಅಂತಲ್ಲ, ಬ್ರೆಜಿಲಿನ ಗ್ವಾರಪಾರಿಯಲ್ಲಿ ಸಂಧಿನೋವಿಗೆ ಅಂತ ಮೊನಜೈಟ್ ಹೊಯ್ಗೆಯಲ್ಲಿ ಮಲಗುವವರಿದ್ದಾರೆ, ಅದನ್ನು ನಾನು ಯಾರಿಗೂ ಹೇಳುವುದಿಲ್ಲ.

ನಾನು ಗಂಭೀರವಾಗಿ ತಗೊಳ್ಳುವ ಸಂದರ್ಭ ಒಂದೇ, ಯಾರಾದ್ರೂ ಉಳ್ಳಾಲದಂಥ ಜಾಗದ ಕಪ್ಪು ಹೊಯ್ಗೆ ತಂದು ಮನೆಯ ಒಳಗೆ ನೆಲಕ್ಕೆ ತುಂಬಿಸಿದ್ರೆ, ಗಿಲಾಯಕ್ಕೆ ಹಾಕಿದ್ರೆ. ಆಗ ದಿನದ ಹದಿನೈದು ಇಪ್ಪತ್ತು ಗಂಟೆ ಅದರ ಮೇಲೇ ಇರ್ತೀರಿ, ಲೆಕ್ಕ ಬದಲಾಗ್ತದೆ. ಅಂಥ ಮನೆಯನ್ನು ಅಳೆಸಿಯೇ ನಿರ್ಧಾರ ಮಾಡ್ಬೇಕು. ಹೇಗೂ ಕಡಲ ಹೊಯ್ಗೆ ಕಟ್ಟಡಕ್ಕೆ ಹಾಕಿದ್ರೆ ಉಪ್ಪಿಗೆ ಕಬ್ಬಿಣ ತುಕ್ಕು ಹಿಡಿದು ಸ್ಲ್ಯಾಬ್ ಉದುರ್ತದೆ, ಆ ಕಾರಣಕ್ಕೇ ಬೇಡ. ಮಕ್ಕಳು ಆಡ್ಲಿ, ಬಂದು ಕೈಕಾಲು ತೊಳೀಲಿ, ಬಾಯಿಗೆ ಹಾಕುವ ಪ್ರಾಯದವರನ್ನು ಮಾತ್ರ ಕಪ್ಪು ಪಟ್ಟಿಯಲ್ಲಿ ಕೂರಿಸ್ಬೇಡಿ.

ಮಾರುವ ವಿಷಯ. ಹೊಯ್ಗೆ ಮಾರ್ಲಿಕ್ಕೆ ದಾರಿ ಇಲ್ಲ. ತೀರದ ಹೊಯ್ಗೆ ತೆಗೆದ್ರೆ ಸಿಆರ್‌ಜೆಡ್, ಅಂದ್ರೆ ಕರಾವಳಿ ನಿಯಂತ್ರಣ ವಲಯದ ಕೇಸು, ಮೇಲಿಂದ ಕಡಲ ಕೊರೆತಕ್ಕೆ ನಾವೇ ಬಾಗಿಲು ತೆರೆದ ಹಾಗೆ. ಮೊನಜೈಟ್ ಪರಮಾಣು ಖನಿಜ, 2019ರ ನಿಯಮದ ಪ್ರಕಾರ ಮೊನಜೈಟ್ ಇರುವ ತೀರದ ಹೊಯ್ಗೆಯ ಗಣಿಗಾರಿಕೆ ಸರಕಾರಿ ಸಂಸ್ಥೆಗೆ ಮಾತ್ರ, ಮೊನಜೈಟ್ ಎಷ್ಟಿದ್ರೆ ಈ ನಿಯಮ ತಾಗ್ತದೆ ಅನ್ನುವ ಮಿತಿಯನ್ನು ಸೊನ್ನೆಗೇ ಇಳಿಸಿದ್ದಾರೆ. ಥೋರಿಯಂಗಂತೂ ಮಾರ್ಕೆಟೇ ಇಲ್ಲ. ಅದು ನೇರವಾಗಿ ಉರಿಯುವ ಇಂಧನ ಅಲ್ಲ, ರಿಯಾಕ್ಟರ್ ಒಳಗಿಟ್ಟು ಯುರೇನಿಯಂ 233 ಮಾಡಿಕೊಳ್ಬೇಕು, ಕಲ್ಪಾಕ್ಕಂನಲ್ಲಿ ಅದರಿಂದ ನಡೆಯುವ ಕಾಮಿನಿ ಅನ್ನುವ ರಿಯಾಕ್ಟರಿನ ಶಕ್ತಿ ಬರೀ 30 ಕಿಲೋವ್ಯಾಟ್. ಹಾಗಾಗಿ ಕೆಜಿಗೆ ಲಕ್ಷ, ಕೋಟಿ ಅನ್ನುವುದೆಲ್ಲ ಗಾಳಿಮಾತು.

ಸುಳ್ಯದ ಜಾಗಕ್ಕೆ ನಿಮ್ಮ ಮುಂದೆ ಇರುವುದು ಇಷ್ಟೆ. ಸುಮ್ಮನೆ ಬಿಟ್ರೆ ನಷ್ಟ ಎಂತದೂ ಇಲ್ಲ. ಕಲ್ಲಿನ ಕೋರೆ ಮಾಡುವ ಆಲೋಚನೆ ಇದ್ರೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಪರವಾನಗಿ ಬೇಕು, ಜಲ್ಲಿಗೆ ಚಾರ್ನೊಕೈಟ್ ಒಳ್ಳೇ ಗಟ್ಟಿ ಕಲ್ಲು, ಆದ್ರೆ ಅಲ್ಲಿ ಕೆಲಸದವರ ಶ್ವಾಸಕೋಶಕ್ಕೆ ಕ್ರಶರಿನ ಧೂಳು ಮಾಡುವ ಹಾಳು ಥೋರಿಯಂಗಿಂತ ನೂರು ಪಾಲು ದೊಡ್ಡದು, ಸಿಲಿಕೋಸಿಸ್ ಬಂದವರನ್ನು ನೋಡಿ ಹೇಳ್ತಿದ್ದೇನೆ. ಬ್ರೋಕರಿಗೆ ಸಹಿ ಹಾಕಿದ ಖಾಲಿ ಕಾಗದ, ಆರ್‌ಟಿಸಿ ಪ್ರತಿ ಕೊಟ್ಟಿದ್ರೆ ಇವತ್ತೇ ವಾಪಸ್ ತಗೊಳ್ಳಿ, ಮುಂಗಡಕ್ಕಿಂತ ನನಗೆ ಅದರದ್ದೇ ಹೆದರಿಕೆ, ಜಾಗದ ಮೇಲೆ ಅಗ್ರಿಮೆಂಟ್ ಮಾಡಿಕೊಂಡು ವರ್ಷಗಟ್ಟಲೆ ಸತಾಯಿಸಿದ್ದು ನೋಡಿದ್ದೇನೆ.

ಕುತೂಹಲ ತಡೀಲಿಕ್ಕಾಗದಿದ್ರೆ ಪರೀಕ್ಷೆ ಮಾಡಿಸಿ, ಆದ್ರೆ ದುಬಾರಿ ಪರೀಕ್ಷೆಯಿಂದ ಶುರು ಮಾಡ್ಬೇಡಿ. ಕೊಳೆಯದ, ಸುತ್ತಿಗೆಯಿಂದ ಹೊಸದಾಗಿ ಒಡೆದ ಮುಷ್ಟಿ ಗಾತ್ರದ ಎರಡು ತುಂಡು ತಗೊಳ್ಳಿ, ಬಿಳಿ ದಪ್ಪ ಹರಳಿನ ಪಟ್ಟಿ ಇದ್ರೆ ಅದರದ್ದೊಂದು ಬೇರೆ. ಯಾವುದಾದ್ರೂ ಕಾಲೇಜಿನ ಭೂವಿಜ್ಞಾನ ವಿಭಾಗದಲ್ಲಿ ಥಿನ್ ಸೆಕ್ಷನ್, ಅಂದ್ರೆ ಬೆಳಕು ಹಾಯುವಷ್ಟು ತೆಳು ಬಿಲ್ಲೆ ಮಾಡಿ ಮೈಕ್ರೋಸ್ಕೋಪಲ್ಲಿ ನೋಡಿಸಿ, ಮೊನಜೈಟಾ ಅಲನೈಟಾ ಅಂತ ಅಲ್ಲೇ ಗೊತ್ತಾಗ್ತದೆ. ವಿಕಿರಣದ್ದೇ ಚಿಂತೆ ಆದ್ರೆ ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪರಿಸರ ವಿಕಿರಣವನ್ನು ಅಧ್ಯಯನ ಮಾಡುವವರೇ ಇದ್ದಾರೆ, ಗಾಮಾ ಸ್ಪೆಕ್ಟ್ರೋಮೀಟರಲ್ಲಿ ಅಳೆದ್ರೆ ಥೋರಿಯಂ, ಯುರೇನಿಯಂ, ಪೊಟ್ಯಾಸಿಯಂ ಮೂರೂ ಬೇರೆ ಬೇರೆ ಸಿಗ್ತದೆ. ಆ ಅಂಕಿಯನ್ನು ಕೇಜಿಗೆ ಎಷ್ಟು ಬೆಕೆರೆಲ್ (ಸೆಕೆಂಡಿಗೆ ಎಷ್ಟು ಅಣು ಒಡೀತದೆ ಅನ್ನುವ ಅಳತೆ) ಅಂತ ಬರೆಸಿಕೊಳ್ಳಿ. ಥೋರಿಯಂನದ್ದನ್ನು 4ರಿಂದ ಭಾಗಿಸಿದ್ರೆ ಹೆಚ್ಚು ಕಡಿಮೆ ಪಿಪಿಎಂ ಬರ್ತದೆ, ಸಾಮಾನ್ಯ ಗ್ರಾನೈಟಲ್ಲಿ ಅದು 15, 17 ಇರ್ತದೆ. ನಿಮ್ಮದು ಅದರ ಐದಾರು ಪಟ್ಟು ಬಂದ್ರೆ ಮಾತ್ರ ಬೆಂಗಳೂರಲ್ಲಿರುವ ಪರಮಾಣು ಖನಿಜ ನಿರ್ದೇಶನಾಲಯದ ಪ್ರಾದೇಶಿಕ ಕಚೇರಿಗೆ ಒಂದು ಪತ್ರ ಬರೀರಿ, ಜಾಗದ ಸರ್ವೆ ನಂಬರ್, ಕಲ್ಲಿನ ಫೋಟೋ, ರಿಪೋರ್ಟ್ ಪ್ರತಿ ಇಟ್ಟು.